ಅಕ್ಕನ ಮನೆ ಮುಂದಿನ ಚಪ್ಪಡಿ

ಪ್ರಜೆಗೂ ಪ್ರಭುತ್ವಕ್ಕೂ ಇರುವ ಸಂಬಂಧ ಪರಸ್ಪರ ನಂಬಿಕೆಯ ಮೇಲೆ ನಿಂತಿದೆ ಎಂದು ಬಲ್ಲವರು ಹೇಳುತ್ತಾರೆ. ಆ ಸಂಜೆ ನಾನು ಮಾತ್ರ ದಾವಣಗೆರೆಯ ಕೆ.ಬಿ. ಬಡಾವಣೆಯ ಚರಂಡಿಯಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದೆ. ಹರಿಹರದಿಂದ ಅಕ್ಕನ ಮನೆಗೆ ಬಂದವನು, ಬಾಗಿಲ ಎದುರು ಚರಂಡಿಯ ಚಪ್ಪಡಿ ಇರಬೇಕಾದಲ್ಲಿ ನಂಬಿ ಕಾಲಿಟ್ಟಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಅಕ್ಕನೇ ರಟ್ಟೆ ಹಿಡಿದು ಮೇಲೆಳೆದಳು.

ಪ್ಲಾಸ್ಟರಿನ ಕೈ ಕೊರಳಿಗೆ ಕಟ್ಟಿಕೊಂಡು, ಆಸ್ಪತ್ರೆ ಖರ್ಚಿಗೆ ಪರಿಹಾರ ಕೇಳಲು ಚರಂಡಿಗಳ ಉಸ್ತುವಾರಿ ಹೊತ್ತ ಸರ್ಕಾರಿ ಕಚೇರಿಗೆ ಹೋದೆ.

"ಬರ್ರಿ ಸರ್, ಕೂಡ್ರಿ. ಚಾ ಕುಡೀತೀರಾ?" ಎಂದರು ಗುಮಾಸ್ತರು.

ಇಂಥ ಕಡೆ ಅರ್ಜಿದಾರನಿಗೆ ಕುರ್ಚಿ ಸಿಕ್ಕರೆ ಸಂಶಯಪಡಬೇಕು. ಚಹಾ ಸಿಕ್ಕರೆ ವಕೀಲರನ್ನು ಕಾಣಬೇಕು. ನಾನು ಚಹಾ ಕುಡಿದೆ. ಗುಂಡಿ ಯಾವ ಕ್ರಾಸಿನಲ್ಲಿದೆ, ಯಾರ ಮನೆ ಮುಂದೆ ಎಂದು ಅವರು ಅತೀವ ಕಾಳಜಿಯಿಂದ ಬರೆದುಕೊಂಡರು. ಸ್ಥಳ ಪರಿಶೀಲನೆ ಸೋಮವಾರ ಎಂದರು.

ಶನಿವಾರವೇ ಹೊಸ ಚಪ್ಪಡಿ ಬಂದು ಕೂತಿತು. ಬೀದಿಯವರು ವರ್ಷಗಟ್ಟಲೆ ಮನವಿ ಕೊಟ್ಟರೂ ಬಾರದಿದ್ದದ್ದು ನನ್ನ ಒಂದು ಮೂಳೆಗೆ ಬಂದಿತ್ತು. ಅಕ್ಕ ಅದಕ್ಕೆ ನೀರು ಹಾಕಿ, ವಿಭೂತಿ ಎಳೆದು, ಹೂ ಏರಿಸಿದಳು. ಸೋಮವಾರ ಎಂಜಿನಿಯರು ಬರುವಷ್ಟರಲ್ಲಿ ಕಲ್ಲಿಗೆ ತಲತಲಾಂತರದ ಕಳೆ ಬಂದಿತ್ತು.

"ಗುಂಡಿ ಎಲ್ಲೈತ್ರಿ?"

"ಇದರ ಕೆಳಗೆ."

"ಪೂಜೆ ಮಾಡೋ ಕಲ್ಲು, ಎತ್ತು ಅಂದ್ರೆ ಹೆಂಗೆ ಎತ್ಲಿ ಸರ್?" ಎಂದು ಅವರು ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿದರು. ಆ ಭಕ್ತಿಯನ್ನೂ ನಾನು ನಂಬಲಿಲ್ಲ. "ಬಿದ್ದದ್ದು ನೋಡಿದೋರು ಒಬ್ರು ಸಹಿ ಹಾಕ್ಲಿ, ಸಾಕು."

ನೋಡಿದವಳು ಒಬ್ಬಳೇ. ಅವಳು ನನ್ನನ್ನು ಅಡುಗೆಮನೆಗೆ ಕರೆದಳು.

"ಸಹಿ ಬ್ಯಾಡ ಕಣೋ. ಚಪ್ಪಡಿ ಕಿತ್ಕೊಂಡು ಹೋಗ್ತಾರೆ."

"ಯಾಕ ಒಯ್ತಾರೆ?"

"ಯಾಕ ತಂದ್ರು? ಗುಂಡಿ ಇರ್ಲಿಲ್ಲ ಅನ್ನಾಕೆ. ಇತ್ತು ಅಂತ ನಾನೇ ಬರ್ಕೊಟ್ರೆ, ಆಮ್ಯಾಲೆ ಈ ಕಲ್ಲು ಅವ್ರಿಗೆ ಎದಕ್ಕೆ ಬೇಕು? ನೀನು ಹರಿಹರದಾಗ ಆರಾಮ ಇರ್ತೀಯ. ಈ ಮಂಡಿ ನೋವು ಇಟ್ಕೊಂಡು ದಿನಾ ದಾಟೋಳು ನಾನು."

ಅವಳ ತರ್ಕದಲ್ಲಿ ದೋಷ ಹುಡುಕಿದೆ. ಸರ್ಕಾರವನ್ನು ನನಗಿಂತ ಚೆನ್ನಾಗಿ ಅರಿತವಳು ಮನೆಯಲ್ಲೇ ಇದ್ದಳು.

"ನಾನು ಒಳಗಿದ್ನಿ, ನೋಡಿಲ್ರಿ," ಎಂದಳು ಅಕ್ಕ, ನನ್ನ ಪ್ಲಾಸ್ಟರಿನ ಕಡೆ ಕಣ್ಣು ಹಾಯಿಸದೆ. ಎಂಜಿನಿಯರು ಅದನ್ನು ಅಕ್ಷರ ಬಿಡದೆ ಬರೆದುಕೊಂಡರು.

ಸ್ಥಳದಲ್ಲಿ ಗುಂಡಿ ಕಂಡುಬಂದಿಲ್ಲ, ಸಾಕ್ಷಿಗಳಿಲ್ಲ ಎಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು.