ಆಣಿ ಮಾಡಲೊಲ್ಲದ ತಂಗಿ

ನಮ್ಮ ನೆಂಟರ ಪ್ರಕಾರ ಆ ದಿನ ನನ್ನ ತಂಗಿ ಸಂತೋಷಕ್ಕೆ ಅತ್ತಳು. ವಿಜಯಪುರದ ಸೋದರಮಾವ ಈಗಲೂ ಮದುವೆಮನೆಗಳಲ್ಲಿ ಹಾಗೇ ಹೇಳುತ್ತಾನೆ: “ಹೊಸಾ ದೇಶ ಸಿಕ್ಕಿತಂತ ಕೂಸು ಗಳಗಳ ಅತ್ತಬಿಡ್ತು ನೋಡ್ರಿ.” ನಾನು ಒಪ್ಪುವುದಿಲ್ಲ. ಒಂದು, ಮಾವ ಅಲ್ಲಿರಲಿಲ್ಲ. ಎರಡು, ಅವಳ ಪಕ್ಕಕ್ಕೆ ನಿಂತಿದ್ದವಳು ನಾನು. ಅದು ಸಂತೋಷದ ಅಳುವಾಗಿದ್ದರೆ ಕಸಾಯಿಖಾನೆ ಮುಂದಿನ ಕುರಿಯೂ ಸಂತೋಷಕ್ಕೇ ಅರಚುತ್ತದೆ.

ಅಪ್ಪ ಇಂಜಿನಿಯರ್. ಕುವೈತ್‌ಗೆ ಬರುವ ಮೊದಲು ಇನ್ನೊಂದು ದೇಶದಲ್ಲಿ ದುಡಿದು ಅಲ್ಲಿಯ ಪೌರತ್ವ ಪಡೆದಿದ್ದ. ಅವ್ವನಿಗೂ ನನಗೂ ಅದೇ ಪಾಸ್‌ಪೋರ್ಟು. ತಂಗಿಯದು ಮಾತ್ರ ಭಾರತದ್ದು, ಏಕೆಂದರೆ ಅವಳು ಹುಟ್ಟಿದ್ದು ಚಿಕ್ಕವ್ವನ ಹೊಟ್ಟೆಯಲ್ಲಿ. ಗಂಡ ಮೊದಲೇ ಹೋಗಿದ್ದ ಚಿಕ್ಕವ್ವ ತಾನೂ ತೀರಿಕೊಂಡಾಗ ಹುಡುಗಿಗೆ ಆರು ವರ್ಷ. ಅವ್ವ ಊರಿಗೆ ಹೋಗಿ, ದತ್ತಕ ತೆಗೆದುಕೊಂಡು, ಕುವೈತ್‌ನ ಹವಲ್ಲಿಯಲ್ಲಿದ್ದ ನಮ್ಮ ಫ್ಲ್ಯಾಟಿಗೆ ಕರೆತಂದಳು. ‘ದೊಡ್ಡವ್ವ’ ಅನ್ನುತ್ತಿದ್ದವಳು ಬರಬರುತ್ತಾ ‘ಅವ್ವ’ ಅಂದಳು.

ಈಗ ಅವಳಿಗೆ ಹನ್ನೆರಡು. ಅಪ್ಪನ ಕೆಲಸ ಮುಗಿದಿತ್ತು. ತಿಂಗಳ ಕೊನೆಗೆ ನಮ್ಮೆಲ್ಲರ ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದು, ಕುವೈತ್‌ನ ವಾಸ ಖಲಾಸ್. ಮುಂದೆ ಹೋಗಬೇಕಾದದ್ದು ಆ ಇನ್ನೊಂದು ದೇಶಕ್ಕೆ. ತಂಗಿಯೂ ಬರಬೇಕೆಂದರೆ ಅವಳೂ ಅಲ್ಲಿಯ ಪ್ರಜೆಯಾಗಬೇಕು, ಮತ್ತು ಅವಳ ವಯಸ್ಸಿನ ಮಕ್ಕಳು ರಾಯಭಾರ ಕಚೇರಿಯಲ್ಲಿ ನಿಂತು ಪ್ರಮಾಣವಚನವನ್ನು ತಾವೇ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ನಾವು ಒಂದು ವಿಮಾನ, ಅವಳು ಮಾವನ ಮನೆಗೆ ಇನ್ನೊಂದು ವಿಮಾನ.

“ಏನಿಲ್ಲವಾ, ಒಂದ ಸಣ್ಣ ಆಣಿ ಮಾಡೂದು, ಕೇಕು ತಿಂದು ಬರೂದು,” ಅಂದ ಅಪ್ಪ ಕಾರಿನಲ್ಲಿ. ಅವಳ ಕಿವಿಗೆ ಕೇಕು ಬೀಳಲಿಲ್ಲ.

ನಮ್ಮ ಮನೆಯಲ್ಲಿ ಆಣಿ ಅಂದರೆ ನಿಷಿದ್ಧ. ಸುಳ್ಳಾದ ಆಣಿ ಯಾರ ಮೇಲೆ ಇಟ್ಟೆವೋ ಅವರನ್ನೇ ತಿನ್ನುತ್ತದೆ ಅನ್ನುವುದು ಅವ್ವನ ನಂಬಿಕೆ. ಯಾವುದೋ ಕ್ಷುಲ್ಲಕ ಮಾತಿಗೆ ನಾನೊಮ್ಮೆ “ನಿನ್ನಾಣಿ” ಅಂದದ್ದಕ್ಕೆ ಕೈಯಲ್ಲಿದ್ದ ಸವಟಿನಿಂದಲೇ ಬಾಯಿಗೆ ಬಿಟ್ಟಿದ್ದಳು. ಮೂಢನಂಬಿಕೆಯ ವಿರುದ್ಧ ಮಾತಾಡಿ ನಾನು ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪನ್ನು ದಿನಾ ಒರೆಸಿಡುತ್ತಿದ್ದವಳೂ ಅವಳೇ.

ರಾಯಭಾರ ಕಚೇರಿಯ ಹಾಲಿನಲ್ಲಿ ಕರೆಗಾಗಿ ಕಾಯುತ್ತಿದ್ದಾಗ ತಂಗಿ ನನ್ನ ತೋಳು ಹಿಡಿದು ನೀರಿನ ಕೂಲರಿನ ಹತ್ತಿರ ಎಳೆದೊಯ್ದಳು.

“ಅಕ್ಕಾ, ನಾ ಆಣಿ ಮಾಡಂಗಿಲ್ಲ.”

ಮನೆಯಲ್ಲಿ ಯಾವಾಗಲೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ ಕನ್ನಡಕ್ಕೆ ಇಳಿದಿದ್ದಳು.

“ಯಾಕ?”

“ಊರಾಗ ಒಮ್ಮೆ ಮಾಡಿದ್ದೆ. ಚಾದ ಬಸಿ ಒಡದದ್ದು ನಾನಲ್ಲ, ಅವ್ವನ ಆಣಿ, ಅಂತ. ಆ ಅವ್ವಂದು.” ನೆಲ ನೋಡಿದಳು. “ನಾನ ಒಡದಿದ್ದೆ.”

ಅರ್ಥವಾಯಿತು. ಕೂಡಲೇ ವಾದಕ್ಕಿಳಿದೆ. “ಲೇ, ಚಿಕ್ಕವ್ವಗ ಕಿಡ್ನಿ ಜಡ್ಡಿತ್ತು. ನೀ ಬಸಿ ಒಡಿಯೂದಕ್ಕಿಂತ ಮೊದಲ ಇತ್ತು.”

“ಜಡ್ಡು ಮೊದಲ ಇತ್ತು. ಸತ್ತದ್ದು ಆಮ್ಯಾಲೆ.”

ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲಿನದು ಕಾರಣವಾಗುವುದಿಲ್ಲ. ಇದನ್ನು ನಾನು ವೇದಿಕೆಯ ಮೇಲೆ ಎಷ್ಟು ಸಲ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆನೋ. ಆ ಮುಖ ನೋಡಿ ದಾರಿ ಬದಲಿಸಿದೆ. “ಇದೇನ ಸುಳ್ಳ ಆಣಿ ಅಲ್ಲಲ್ಲಾ. ಆ ದೇಶಕ್ಕ ನಿಷ್ಠೆಯಿಂದ ಇರ್ತೀನಿ ಅಂತ ಹೇಳೂದು, ಅಷ್ಟ.”

“ಇರ್ತೀನೋ ಇಲ್ಲೋ ನನಗ ಹೆಂಗ ಗೊತ್ತು? ನಾ ಇನ್ನೂ ಹೋಗೇ ಇಲ್ಲ.”

ಕೌಂಟರಿನ ಗುಮಾಸ್ತೆಯ ಬಳಿಗೆ ಓಡಿ ಬೇರೆ ದಾರಿ ಇದೆಯೇ ಎಂದು ಕೇಳಿದೆ. ದೇವರನ್ನು ನಂಬದವರಿಗೆ ಬೇರೆ ಒಕ್ಕಣೆ ಇದೆಯಂತೆ, ಅದರಲ್ಲಿ ದೇವರ ಹೆಸರಿಲ್ಲ. ಗೆದ್ದೆ ಅಂದುಕೊಂಡು ಆ ಹಾಳೆ ತಂದು ಅವಳ ಕೈಗೆ ತುರುಕಿದೆ. ಅವಳು ಬೆರಳಿಟ್ಟು ಸಾಲುಸಾಲಾಗಿ ಓದಿದಳು.

“ದೇವರೂ ಇಲ್ಲಂದ್ರ ಇದು ಯಾರ ಮ್ಯಾಲೆ ಬೀಳ್ತದಕ್ಕಾ? ಮನಿಯವರ ಮ್ಯಾಲೇ ಅಲ್ಲಾ?”

ಅಷ್ಟರಲ್ಲಿ ಕರೆ ಬಂತು. ನಾನು ಅವ್ವನ ಕಿವಿಯಲ್ಲಿ ಇದ್ದದ್ದನ್ನೆಲ್ಲ ಸುರಿದೆ. ಅವಳು ಸೆರಗು ಸರಿಮಾಡಿಕೊಂಡು ತಂಗಿಯ ಮಗ್ಗುಲಿಗೆ ಹೋಗಿ ನಿಂತಳು.

ಅಧಿಕಾರಿ ನೆರೆಗೂದಲಿನ ನಗುಮುಖದವರು. ಬಲಗೈ ಎತ್ತಿ, ನಾನು ಹೇಳಿದಂತೆ ಹೇಳಿ, ಅಂದರು. ಪ್ರಮಾಣಕ್ಕೆಂದು ಬಂದಿದ್ದ ಬೇರೆ ಮೂವರ ಕೈಗಳು ಮೇಲೇರಿದವು. ತಂಗಿಯದು ಫ್ರಾಕಿಗೆ ಅಂಟಿಕೊಂಡೇ ಇತ್ತು. ಅಧಿಕಾರಿ ನಿಲ್ಲಿಸಿದರು. ಅವಸರವಿಲ್ಲ ಪುಟ್ಟಾ, ಇವತ್ತು ಆಗದಿದ್ದರೆ ಮುಂದಿನ ಸಮಾರಂಭಕ್ಕೆ ಬರಬಹುದು, ಅಂದರು ಇಂಗ್ಲಿಷಿನಲ್ಲಿ.

“ಮುಂದಿನದು ಬೇಸಿಗಿ ಕಳದ ಮ್ಯಾಲೆ. ಅಲ್ಲೀತನಕಾ ನಾವ ಇಲ್ಲಿ ಇರಂಗಿಲ್ಲ,” ಅಪ್ಪ ಹಿಂದಿನಿಂದ ಪಿಸುಗುಟ್ಟಿದ. “ಹೇಳವಾ, ಮಗಳ. ನಾಕ ಸಾಲು.”

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಆಗ ಅವ್ವ ಅವಳ ಬಲಗೈ ಹಿಡಿದು ಎತ್ತಿದಳು. ಎತ್ತಿದವಳು ಗಾಳಿಯಲ್ಲಿ ಬಿಡಲಿಲ್ಲ. ತಾನೇ ತುಸು ಬಗ್ಗಿ, ಆ ಅಂಗೈಯನ್ನು ತನ್ನ ಬೈತಲೆಯ ಮೇಲೆ ಇಟ್ಟುಕೊಂಡು ಒತ್ತಿ ಹಿಡಿದಳು.

“ಹೇಳು. ನನ್ನ ಮ್ಯಾಲೇ ಹೇಳು.”

“ಬ್ಯಾಡವಾ—”

“ನಾ ಇಲ್ಲೇ ನಿಂತೇನಿ. ನೋಡಕೋತ ಹೇಳು.”

ಅಧಿಕಾರಿ ಇದು ನಮ್ಮ ಕಡೆಯ ಪದ್ಧತಿ ಇರಬೇಕೆಂದು ತಿಳಿದು ಗೌರವದಿಂದ ತಲೆಬಾಗಿಸಿ ಮೊದಲಿನಿಂದ ಶುರುಮಾಡಿದರು. ತಂಗಿ ಹೇಳಿದಳು. ಒಂದೊಂದು ತುಣುಕಿಗೂ ಅವ್ವನ ಮುಖ ನೋಡುತ್ತಾ, ಈಗ ಬೀಳುತ್ತಾಳೇನೋ, ಈಗ ಬೀಳುತ್ತಾಳೇನೋ ಅಂತ ಕಾಯುತ್ತಾ, ಮೂಗಿನಿಂದ ಕಣ್ಣಿನಿಂದ ನೀರು ಸುರಿಸುತ್ತಾ ಕಡೆಯ ಅಕ್ಷರದವರೆಗೂ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಯಾರೋ ಫೋಟೋ ತೆಗೆದರು. ಮಾವನ ಸಂತೋಷದ ಅಳು ಅಂದರೆ ಇದೇ.

ಕೇಕು ಹಂಚುವಾಗಲೂ ತಂಗಿ ಅವ್ವನ ಮಣಿಕಟ್ಟು ಬಿಟ್ಟಿರಲಿಲ್ಲ. ಕೊನೆಗೆ ಅಪ್ಪ ಪುಸಲಾಯಿಸಿ ಮುಖ ತೊಳೆಯಲು ಕರೆದುಕೊಂಡು ಹೋದ. ಅವ್ವನೂ ನಾನೂ ಇಬ್ಬರೇ ಉಳಿದೆವು. ಅವಳ ತಟ್ಟೆಯ ಕೇಕು ಹಾಗೇ ಇತ್ತು. ಬೈತಲೆಯ ಕುಂಕುಮ ಹಣೆಗೆಲ್ಲ ಹರಡಿತ್ತು. ನನಗೆ ತಡೆಯಲಾಗಲಿಲ್ಲ.

“ಅವ್ವಾ, ಆಣಿ-ಗೀಣಿ ಎಲ್ಲಾ ಸುಳ್ಳು ಅಂತ ಗೊತ್ತಿದ್ದು ಅಕಿ ಕೈ ತಲಿ ಮ್ಯಾಲೆ ಇಟ್ಕೊಂಡ್ಯೋ, ಖರೇ ಅಂತ ಗೊತ್ತಿದ್ದೂ ಇಟ್ಕೊಂಡ್ಯೋ?”