ನಿಕಲ್ಲಿಗೆ ಅಂಟಿದ ಎರಡು ನೀರು

ಕೋವಿಡ್ ಗದ್ದಲ ಅಡಗಿದ ಮರುವರ್ಷದ ಬೇಸಿಗೆ. ಗಜೇಂದ್ರಗಡದ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರದ ಪ್ರಾಧ್ಯಾಪಕ, ನಿವೃತ್ತಿಯ ಹೊಸ್ತಿಲಲ್ಲಿದ್ದೆ. ರಾಜೂರಿನ ಶಿವಲೀಲಾ ನನ್ನ ಬಳಿ ಪಿಎಚ್.ಡಿ. ಮಾಡುತ್ತಿದ್ದಳು. ನಿಕಲ್ ಲೋಹದ ಸುತ್ತ ಸಾವಯವ ಅಣುಗಳು ಜೋಡಣೆಗೊಂಡ ಹೊಸ ಸಂಯುಕ್ತವೊಂದನ್ನು ತಯಾರಿಸಿದ್ದಳು. ಪ್ರತಿ ನಿಕಲ್ ಪರಮಾಣುವಿಗೆ ಎರಡು ನೀರಿನ ಅಣುಗಳೂ ನೇರವಾಗಿ ಅಂಟಿಕೊಂಡಿವೆ ಎಂಬುದು ಅವಳ ವಾದ.

ಪ್ರಗತಿ ನೋಡಲು ಬಂದ ಹಿರಿಯ ತಜ್ಞರು ಒಪ್ಪಲಿಲ್ಲ. "ಅದು ಬರೇ ಗಾಳಿಯ ತೇವ ಇರಬೇಕವಾ. ಹರಳಿನ ಎಕ್ಸ್-ರೇ ತೋರಸು, ಇಲ್ಲಾ ಆ ಅಧ್ಯಾಯ ತಗದ ಹಾಕು" ಎಂದರು. ಆ ಅಧ್ಯಾಯವೇ ಪ್ರಬಂಧದ ಜೀವ. ಅದು ಹೋದರೆ ಹುಡುಗಿಯ ವರ್ಷಗಳ ದುಡಿಮೆ ನೀರುಪಾಲು.

ಪರಮಾಣುಗಳು ಎಲ್ಲೆಲ್ಲಿ ಕೂತಿವೆ ಎಂದು ತೋರಿಸುವ ಆ ಎಕ್ಸ್-ರೇಗೆ ಬೇಕಾದದ್ದು ಸಾಸಿವೆಗಿಂತ ಚಿಕ್ಕದಾದರೂ ಬಿರುಕಿಲ್ಲದ ಒಂಟಿ ಹರಳು. ದ್ರಾವಣ ನಿಧಾನವಾಗಿ ಆರಿದರೆ ಮಾತ್ರ ಅದು ಮೂಡುತ್ತದೆ. ನಮ್ಮ ಗುಡ್ಡದ ಊರಿನ ಬಿಸಿಗಾಳಿಗೆ ನಿಧಾನವೆಂಬುದೇ ಗೊತ್ತಿಲ್ಲ. ಸೀಸೆಯ ತಳದಲ್ಲಿ ಬರೀ ಪುಡಿ. ಸಾಲದ್ದಕ್ಕೆ ನಾನು ಗಳಿಗೆಗೊಮ್ಮೆ ಸೀಸೆ ಎತ್ತಿ ಅಲುಗಾಡಿಸಿ ನೋಡುವ ಆಸಾಮಿ. ಕೊನೆಗೆ ಶಿವಲೀಲಾ ರೇಗಿಯೇಬಿಟ್ಟಳು.

"ಸರ್, ಇದನ್ನ ಮನಿಗೆ ಒಯ್ತೀನ್ರಿ. ನಮ್ಮ ಒಳಗಿನ ಖೋಲಿ ಮಣ್ಣಿನ ಗ್ವಾಡಿದು, ಭಾಳ ತಂಪ ಇರತೈತಿ. ನೀವು ಮಾತ್ರ ನೋಡಾಕ ಬರಬ್ಯಾಡ್ರಿ!"

ಬೀಗದ ಪೆಟ್ಟಿಗೆಯಲ್ಲಿಟ್ಟು ಕಳಿಸಿದೆ. ರಾಜೂರೇನು ದೂರವಲ್ಲ, ಆದರೂ ಹಲ್ಲುಕಚ್ಚಿ ಸುಮ್ಮನಿದ್ದೆ. ಒಂದು ಮುಂಜಾನೆ ಅವಳು ಓಡುತ್ತಲೇ ಬಂದಳು. ಸೀಸೆಯ ತಳದಲ್ಲಿ ಹಸಿರು ಹರಳುಗಳು, ಒಂದೊಂದೂ ಕಡೆದಿಟ್ಟಂತೆ!

ಹೊರತೆಗೆದರೆ ನೀರು ಕಳೆದುಕೊಂಡಾವು ಎಂದು, ದ್ರಾವಣದ ಸಮೇತ ಎಕ್ಸ್-ರೇ ಯಂತ್ರವಿದ್ದ ಧಾರವಾಡದ ವಿಶ್ವವಿದ್ಯಾಲಯಕ್ಕೆ ಒಯ್ದೆವು. ಯಂತ್ರ ಎಕ್ಸ್-ರೇ ಹಾಯಿಸಿತು. ಕಂಪ್ಯೂಟರಿನ ಲೆಕ್ಕ ಶುರುವಾಯಿತು. ಪರದೆಯ ಮೇಲೆ ಮೊದಲು ನಿಕಲ್, ಬಳಿಕ ಸುತ್ತಲಿನ ಸಾವಯವ ಅಣುಗಳು. ನೀರು ಇರಬೇಕಾದ ಮೇಲಿನ, ಕೆಳಗಿನ ಜಾಗ ಖಾಲಿ. ಲೆಕ್ಕದ ಇನ್ನೊಂದು ಸುತ್ತು ಮುಗಿಯಿತು.

"ಬಂತ್ರಿ ಸರ್! ಮ್ಯಾಲೊಂದು, ಕೆಳಗೊಂದು!"

ಎರಡು ಆಕ್ಸಿಜನ್, ಅವಕ್ಕೆ ಎರಡೆರಡು ಹೈಡ್ರೋಜನ್. ಖರೇ ನೀರು! ವಯಸ್ಸು ಮರೆತು ಚಪ್ಪಾಳೆ ತಟ್ಟಿದೆ. ಶಿವಲೀಲಾ ತಜ್ಞರಿಗೆ ಅಲ್ಲಿಂದಲೇ ಫೋನು ಮಾಡಿದಳು. ನಿಕಲ್ಲಿಗೂ ಆಕ್ಸಿಜನ್ನಿಗೂ ಎಷ್ಟು ಅಂತರ ಎಂದು ಕೇಳಿ, ನೇರವಾಗಿ ಅಂಟಿದಷ್ಟೇ ಹತ್ತಿರ ಎಂದು ತಿಳಿದುಕೊಂಡ ಅವರು, "ನಾ ಸೋತೆ ತಂಗಿ. ಆ ಅಧ್ಯಾಯ ಎಲ್ಲಾಕಿಂತ ಮೊದಲ ಇಡು" ಎಂದರು.

ಪ್ರಯೋಗಾಲಯದಲ್ಲಿ ಕೈ ಸುಮ್ಮನಿರಬಾರದು ಎಂದು ಸೇವೆಯುದ್ದಕ್ಕೂ ಬೋಧಿಸಿದವನು ನಾನು. ಕೈ ಹಿಂದಕ್ಕೆ ತೆಗೆದು ದೂರ ನಿಲ್ಲುವುದೂ ಗುರುವಿನ ಕೆಲಸವೇ ಎಂದು ನಿವೃತ್ತಿಯ ಹೊತ್ತಿಗೆ ಶಿಷ್ಯೆಯೇ ಕಲಿಸಿದಳು.