ಗುಳಿಗೆ ಬಿಡಿಸುವ ಡಾಕ್ಟರು

ಶಿರಸಿಯ ಪೇಟೆಯಲ್ಲಿ ಮಹಡಿ ಮೇಲೆ ಕೂರುತ್ತಿದ್ದ ಚನ್ನವೀರಪ್ಪ ಡಾಕ್ಟರು ಬಂದವರ ನಾಡಿಯನ್ನು ಮೊದಲು ಹಿಡಿಯುತ್ತಿರಲಿಲ್ಲ. "ಬರ್ರಿ, ಕೂಡ್ರಿ. ಚೀಲ ಸುರೀರಿ," ಎನ್ನುತ್ತಿದ್ದರು. ಅರ್ಧ ಉಳಿದ ಸಿರಪ್ಪು, ಪಕ್ಕದ ಮನೆಯವರು ಕೊಟ್ಟ ಮಾತ್ರೆ, ಮರೆತೇಬಿಟ್ಟ ಮುಲಾಮು, ಮನೆಯಲ್ಲಿದ್ದ ಔಷಧವನ್ನೆಲ್ಲ ತರಬೇಕೆನ್ನುವುದು ಅವರ ಕರಾರು. ಮೇಜಿನ ಮೇಲೆ ಬಿದ್ದದ್ದನ್ನು ಒಂದೊಂದಾಗಿ ಎತ್ತಿ ಓದುತ್ತ, ಇದು ಯಾಕೆ, ಯಾರು ಕೊಟ್ಟರು, ಯಾವಾಗಿನಿಂದ ಎಂದು ಕೇಳುವರು. ಹೊರಗೆ ಎಷ್ಟು ಜನ ಕಾದಿದ್ದರೂ ಅವಸರವಿಲ್ಲ. ಬೇರೆಯವರು ಔಷಧ ಬರೆದು ಹೆಸರು ಮಾಡಿದರೆ ಇವರು ಬಿಡಿಸಿ ಹೆಸರು ಮಾಡಿದ್ದರು.

ನಾನು ಸಿದ್ದಾಪುರದ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು. ಅಪ್ಪ ಬಸ್ ಡ್ರೈವರ್ ಆಗಿ ನಿವೃತ್ತರಾಗಿದ್ದರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಬಂದ ಮೇಲೆ ಅವರು ಬೇರೆಯೇ ಆಗಿಬಿಟ್ಟರು. ಹಗಲೆಲ್ಲ ನಿದ್ದೆ, ಎದ್ದರೆ ತೂರಾಟ, ಮಾತು ತೊದಲು. ವಯಸ್ಸಾಯಿತಲ್ಲ, ಇನ್ನು ಹೀಗೇ ಎಂದು ಎಲ್ಲರೂ ಹೇಳಿದರು. ನಾನೂ ನಂಬಿದ್ದೆ.

ಅಪ್ಪನನ್ನು ಶಿರಸಿಗೆ ಕರೆದೊಯ್ದ ದಿನ ಡಾಕ್ಟರು ನಮ್ಮ ಚೀಲದಲ್ಲಿದ್ದ ಮಾತ್ರೆಯ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಒಂದನ್ನು ಹುಬ್ಬಳ್ಳಿಯಲ್ಲಿ ಬರೆದಿದ್ದರು, ಇನ್ನೊಂದನ್ನು ಅದಕ್ಕೂ ಮೊದಲು ನಮ್ಮೂರಲ್ಲಿ. ಹೆಸರು ಬೇರೆ, ಬಣ್ಣ ಬೇರೆ. ಒಳಗಿದ್ದದ್ದು ಒಂದೇ ನಿದ್ದೆಯ ಮದ್ದು.

"ನಿಮ್ಮಪ್ಪಗ ವಯಸ್ಸಾಗೇದ, ಖರೆ. ಆದ್ರ ಇದು ವಯಸ್ಸಲ್ಲವ್ವಾ, ಗುಳಿಗಿ," ಎಂದರು.

ಒಮ್ಮೆಲೇ ನಿಲ್ಲಿಸಿದರೆ ಅಪಾಯ ಎಂದು ಎಚ್ಚರಿಸಿ, ಹುಬ್ಬಳ್ಳಿಯ ಡಾಕ್ಟರಿಗೆ ನಮ್ಮೆದುರೇ ಫೋನು ಮಾಡಿ, ವಾರವಾರವೂ ಎಷ್ಟೆಷ್ಟು ಇಳಿಸಬೇಕೆಂದು ಬರೆದುಕೊಟ್ಟರು. ಎರಡು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ನೋಡಿದರೆ ಅಪ್ಪ ಕಿಟಕಿಗೆ ಕನ್ನಡಿ ಒರಗಿಸಿಕೊಂಡು ತಾವೇ ಗಡ್ಡ ಕೆರೆದುಕೊಳ್ಳುತ್ತಿದ್ದಾರೆ. ಹೊತ್ತಾಯಿತಲ್ಲ, ಇವತ್ತು ಆಫೀಸಿಲ್ಲವಾ ಎಂದು ನನ್ನನ್ನೇ ಗದರಿಸಿದರು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಆಮೇಲೆ ಕಂಡವರ ಮುಂದೆಲ್ಲ ಡಾಕ್ಟರನ್ನು ಹೊಗಳಿದ್ದೇ ಹೊಗಳಿದ್ದು. ಮನ್ಮನೆ ಊರಿನ ಚಿಕ್ಕಮ್ಮನನ್ನು ಅವರಲ್ಲಿಗೆ ಕರೆದೊಯ್ದವಳೂ ನಾನೇ. ಅವಳ ಚೀಲದಲ್ಲಿದ್ದ ಒಂದು ಮಾತ್ರೆಗೆ ಚೀಟಿ ಇರಲಿಲ್ಲ. ಕೇಳಿದರೆ, ಎಂತಕ್ಕೋ ಕೊಟ್ಟಿದ್ದರು, ನರಕ್ಕೆ ಇರಬೇಕು ಎಂದಳು. ಇಷ್ಟು ವರ್ಷದ ಮೇಲೆ ಅದರ ಅಗತ್ಯವಿಲ್ಲವೆಂದು ಡಾಕ್ಟರು ನಿಧಾನವಾಗಿ ಬಿಡಿಸಿದರು. ಪೂರ್ತಿ ಬಿಟ್ಟ ಮೂರನೇ ವಾರ ಚಿಕ್ಕಮ್ಮ ಒಲೆಯ ಮುಂದೆ ಫಿಟ್ಸ್ ಬಂದು ಬಿದ್ದಳು. ಬಲಗೈ ಸುಟ್ಟಿತು. ಹುಡುಗಿಯಾಗಿದ್ದಾಗಿನಿಂದ ಇದ್ದ ಮೂರ್ಛೆಗೆ ಕೊಟ್ಟ ಮಾತ್ರೆ ಅದು. ಗಂಡನ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದರಿಂದ ಡಾಕ್ಟರಿಗೂ ಹೇಳಿರಲಿಲ್ಲ.

ಸುದ್ದಿ ತಿಳಿದ ಮರುದಿನವೇ ಡಾಕ್ಟರು ಬಸ್ಸು ಹಿಡಿದು ಮನ್ಮನೆಗೆ ಬಂದರು. ಚಿಕ್ಕಪ್ಪ ಕೂರಿ ಎನ್ನಲಿಲ್ಲ. ಅವರು ನಿಂತೇ ಹೇಳಿದರು: "ತಪ್ಪು ನಂದು. ಯಾಕ ಸುರು ಮಾಡಿದ್ರು ಅಂತ ಗೊತ್ತಾಗೋ ತನಕ ನಾ ಅದನ್ನ ಮುಟ್ಟಬಾರದಿತ್ತು."

ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಚಿಕ್ಕಮ್ಮ, ತಾನೂ ಹೇಳಲಿಲ್ಲವಲ್ಲ ಎಂದಳು. ಹೇಳುವ ಹಾಗೆ ಕೇಳಬೇಕಾದದ್ದು ತನ್ನ ಕೆಲಸ ಎಂದರು ಡಾಕ್ಟರು. ಕೊಟ್ಟ ಚಾ ಹಾಗೇ ಆರಿತು.

ಅಲ್ಲಿಂದೀಚೆಗೆ ಅವರು ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುತ್ತಿದ್ದರು. ಮೊದಲು ಬರೆದವರನ್ನು ವಿಚಾರಿಸದೆ ಒಂದು ಮಾತ್ರೆಯನ್ನೂ ಬಿಡಿಸಲಿಲ್ಲ. ಚಿಕ್ಕಪ್ಪ ಅವರ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ. ಚಿಕ್ಕಮ್ಮ ಮಾತ್ರ ಕೊನೆಯವರೆಗೂ ಅವರ ಹತ್ತಿರವೇ ಹೋದಳು.

ಕಣ್ಣು ಸೋತು ಸಣ್ಣ ಅಕ್ಷರ ಕಾಣದಾದಾಗ ಅವರು ಕ್ಲಿನಿಕ್ಕು ಮುಚ್ಚಿದರು. ಇನ್ನೊಬ್ಬರು ಓದಿ ಹೇಳಿದ್ದನ್ನು ನಂಬಿ ಔಷಧ ಬರೆಯಲು ಒಪ್ಪದೆ, ಬನವಾಸಿ ಕಡೆಯ ತಮ್ಮೂರಿಗೆ ಹೋದರು. ಕಳೆದ ವರ್ಷ ಅವರು ತೀರಿಕೊಂಡದ್ದು ನನಗೆ ತಡವಾಗಿ ತಿಳಿಯಿತು. ಈಗ ನನಗೂ ಬಿಪಿ, ಸಕ್ಕರೆ. ಹೊಸ ಡಾಕ್ಟರು ಒಳ್ಳೆಯವರೇ, ಅವರ ಕಂಪ್ಯೂಟರ್ ಚೀಟಿಯ ಅಕ್ಷರ ಸ್ಪಷ್ಟ. ಯಾವುದು ಯಾಕೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಮುಂದಿನವರು ಒಳಗೆ ಬಂದಿರುತ್ತಾರೆ. ಮೆಟ್ಟಿಲಿಳಿಯುವಾಗ ಚನ್ನವೀರಪ್ಪ ಡಾಕ್ಟರು ಇದ್ದಿದ್ದರೆ ಅನಿಸುತ್ತದೆ.

ಕೊನೆಯ ಸಲ ಅವರು ಸಿಕ್ಕಿದ್ದು ಶಿರಸಿ ಬಸ್ ನಿಲ್ದಾಣದಲ್ಲಿ. ಮಾತಾಡಿಸಿದಾಗ ದನಿಯಿಂದಲೇ ಗುರುತು ಹಿಡಿದು ಅಪ್ಪನನ್ನು ಕೇಳಿದರು. ಅಪ್ಪ ಹೋಗಿ ವರ್ಷವಾಯಿತು ಎಂದೆ. "ಕಡೀಗೆ ಎಚ್ಚರ ಇದ್ರೇನವ್ವಾ?" ಎಂದರು.

"ಇದ್ರು ಡಾಕ್ಟ್ರೇ. ಆವತ್ತು ಬೆಳಿಗ್ಗೆನೂ ಚಾ ಕುಡಿದು, ಸಕ್ಕರೆ ಕಡಿಮೆ ಆಯ್ತು ಅಂದ್ರು."

ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬನವಾಸಿ ಬಸ್ಸು ಬಂತು. ಕಂಡಕ್ಟರು ಹತ್ತಿಸಿ ಕಿಟಕಿ ಪಕ್ಕ ಕೂರಿಸಿದ. ಬಸ್ಸು ಹೊರಟಾಗ ಡಾಕ್ಟರು ಕೈ ಹೊರಗೆ ಹಾಕಿ ಬೀಸಿದರು, ನಾನಿದ್ದ ಕಡೆಗಲ್ಲ, ಆಚೆಯ ಕಂಬದ ಕಡೆಗೆ. ನಾನು ಬೇಗಬೇಗ ನಡೆದು ಆ ಕಂಬದ ಹತ್ತಿರ ಹೋಗಿ ನಿಂತೆ.